ಸಾಹೇಬರ ಮನೆಯ ನೆಲ

ಅಪ್ಪನಿಗೆ ನಿಮ್ಮ ಮಗಳ ನಮಸ್ಕಾರ.

ನಿಮ್ಮ ಕಾಗದ ಬಂತು. ನ್ಯಾಯಾಧೀಶ ಸಾಹೇಬರ ಕಾಲು ಹಿಡಿ, ತಪ್ಪಾಯಿತು ಅನ್ನು, ವರ್ಗಾವಣೆ ರದ್ದಾಗುತ್ತೆ ಅಂತ ಬರೆದಿದ್ದೀರಿ. ನಾನು ಹೋಗೋಲ್ಲಪ್ಪ.

ನಮ್ಮ ಕೋರ್ಟಿನ ಅಟೆಂಡರ್ ಹೆಂಗಸು ಸಾಹೇಬರ ಮನೆಗೆಲಸಕ್ಕೆ ಬರೋಲ್ಲ ಅಂದಳು. ಮಾರನೇ ದಿನವೇ, ಅವಳು ಹೇಳಿದ ಮಾತು ಕೇಳೋಲ್ಲ, ಕೆಲಸದಿಂದ ತೆಗೆಯಬಹುದು ಅಂತ ವರದಿ ಬರೆಯಲು ನನಗೆ ಅಪ್ಪಣೆಯಾಯಿತು. ಸಿಬ್ಬಂದಿ ವಿಭಾಗ ನನ್ನದಲ್ಲವೇ? ಬರೆಯೋಲ್ಲ ಅಂದೆ.

“ನೆಲ ಒರೆಸೋಕೂ ಕಾನೂನು ಬೇಕೇನಮ್ಮ?” ಅಂತ ಸಾಹೇಬರು ಗದರಿದರು.

“ಕೋರ್ಟಿನ ನೆಲಕ್ಕೆ ಬೇಡ ಸಾರ್, ನಿಮ್ಮ ಮನೆಯ ನೆಲಕ್ಕೆ ಬೇಕು” ಅಂದೆ. ಪಕ್ಕದಲ್ಲಿದ್ದ ಟೈಪಿಸ್ಟ್ ಕೆಮ್ಮಿ ನಗು ನುಂಗಿಕೊಂಡರು. ಸಂಜೆಗೆ ವರ್ಗಾವಣೆ ಆದೇಶ ಕೈಗೆ ಬಂತು.

ನೀರಲ್ಲಿದ್ದು ಮೊಸಳೆ ಜೊತೆ ವೈರ ಬೇಡ ಅಂತೀರಿ. ನೀವೂ ಅಟೆಂಡರ್ ಆಗಿದ್ದವರು. ನಾನು ಶಾಲೆಯಿಂದ ಬರೋವಾಗ ಆಗಿನ ಸಾಹೇಬರ ಹಿತ್ತಿಲಲ್ಲಿ ನೀವು ಬಟ್ಟೆ ಒಗೆಯೋದು ಕಾಣುತ್ತಿತ್ತು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಿರಿ. ಅಂಥ ಅಪ್ಪನ ಮಗಳು ಆ ವರದಿ ಹೇಗೆ ಬರೆಯಲಿ?

ನನ್ನ ಜಾಗಕ್ಕೆ ಬಂದವರೂ ವರದಿಗೆ ಕೈ ಹಾಕಿಲ್ಲ. ಅವಳ ಕೆಲಸ ಉಳಿದಿದೆ. ಸೋಮವಾರದಿಂದ ಬೇರೆ ಅಟೆಂಡರುಗಳೂ ಸಾಹೇಬರ ಮನೆ ಕಡೆ ತಲೆ ಹಾಕಿಲ್ಲ.

ನಾಳೆ ಹೊರಡುತ್ತೇನೆ. ನಿಮ್ಮ ಮನೆಯಲ್ಲಿರೋ ನನ್ನ ಹಳೇ ಮಂಚವನ್ನು ಹೊಸ ವಿಳಾಸಕ್ಕೆ ಕಳಿಸಿಕೊಡಿ. ಮಂಡಿನೋವು ಇಟ್ಟುಕೊಂಡು ನೀವೇ ಎತ್ತೋಕೆ ಹೋಗಬೇಡಿ.

ಹೊಸ ಕೋರ್ಟಿನಲ್ಲೂ ನನಗೆ ಸಿಬ್ಬಂದಿ ವಿಭಾಗವನ್ನೇ ಕೊಟ್ಟಿದ್ದಾರೆ. ಅಲ್ಲೂ ಒಬ್ಬರು ಸಾಹೇಬರಿದ್ದಾರೆ, ಅವರಿಗೂ ಒಂದು ಮನೆಯಿದೆ. ನೋಡೋಣ.

ಇಂತಿ,
ನಿಮ್ಮ ಹಟಮಾರಿ ಹಿರಿಮಗಳು