ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಏಳು ತಿಂಗಳು

೧೪ ಮಾರ್ಚ್, ಭಾನುವಾರ

ಮುದ್ದಿನ ಪುಟ್ಟೀ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕಿಟಕಿಯ ಬಿಸಿಲು ಮೇಜಿನ ಮೇಲೆ ಮಲಗಿಬಿಡುತ್ತಿತ್ತು, ಅದರ ಜೊತೆ ನಾನೂ. ಬೈಯಬೇಡ.

ನಮ್ಮ ಬೀದಿಯ ಔಷಧಿ ಅಂಗಡಿಯವಳು ಹೊಸ ಪದ್ಧತಿ ಮಾಡಿದ್ದಾಳೆ. ಚೀಟಿಯಲ್ಲಿರುವುದನ್ನು ಕಟ್ಟಿಕೊಡುವ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು, "ಇದು ಮನೇಲಿ ಎಷ್ಟು ಉಳಿದಿದೆ?" ಎಂದು ಕೇಳುತ್ತಾಳೆ. ಒಮ್ಮೆ ಅಂಗಡಿ ದಾಟಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲವಂತೆ. ವಾಪಸು ತಂದರೆ ಸುಡುವುದೊಂದೇ ದಾರಿ. ಅದಕ್ಕೇ ಬೇಕಾದಷ್ಟೇ ತೆಗೆದುಕೊಳ್ಳಿ ಎಂದು ಮನೆಮನೆಗೆ ಹೋಗಿ ತಿಳಿಸಲು ನನ್ನನ್ನೂ ಕರೆದಳು. ಇಡೀ ಬೀದಿಯ ಬಟ್ಟೆ ಹೊಲಿದವಳು, ನನ್ನ ಮುಖ ನೋಡಿ ಯಾರೂ ಬಾಗಿಲು ಹಾಕುವುದಿಲ್ಲ.

ಕೆಳಮನೆಯ ಡ್ರೈವರಣ್ಣ ಷೂ ಡಬ್ಬಿ ತುಂಬ ತಂದಿಟ್ಟು, "ಮಾತ್ರೆ ಬೇಕಾದಷ್ಟಿದೆ ಅಕ್ಕಾ, ಜ್ವರ ಬರೋದೊಂದೇ ಬಾಕಿ" ಎಂದರು. ಅವರ ಹೆಂಡತಿ, "ಕೊಟ್ಟಿದ್ದನ್ನೆಲ್ಲ ಇಸ್ಕೊಂಡು ಬರ್ತಾರೆ. ಬೇಡ ಅಂದ್ರೆ ಡಾಕ್ಟ್ರಿಗೆ ಬೇಜಾರಾಗುತ್ತಂತೆ!" ಎಂದು ಚುಚ್ಚಿದಳು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ ಪುಟ್ಟೀ, ಯಾಕೆಂದರೆ ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಏಳು ತಿಂಗಳ ಬಿ.ಪಿ. ಮಾತ್ರೆ ಇತ್ತು.

ಹೌದು, ದಿನಾ ನುಂಗುತ್ತಿದ್ದೇನೆಂದು ನಿನಗೆ ಬರೆದದ್ದು ಸುಳ್ಳು. ಆ ಮಾತ್ರೆ ಶುರುವಾದ ಮೇಲೆ ನನಗೆ ಕನಸು ಬೀಳುವುದೇ ನಿಂತಿತು. ನಿನ್ನ ಭಾವ ತೀರಿಕೊಂಡ ಮೇಲೆ ನನ್ನ ಹತ್ತಿರ ಬರುತ್ತಿದ್ದದ್ದು ಕನಸಿನಲ್ಲಿ ಮಾತ್ರ. ಮಾತಿಲ್ಲ, ಕತೆಯಿಲ್ಲ, ಬೆಳಗಿನ ಜಾವದ ತೆಳು ನೀಲಿ ಬೆಳಕಿನಲ್ಲಿ ಬಂದು, ಸೂಜಿಗೆ ದಾರ ಪೋಣಿಸಿ ಕೊಟ್ಟು ಹೋಗುತ್ತಿದ್ದರು. ಮಾತ್ರೆ ಬಿಟ್ಟೆ. ಮತ್ತೆ ಬಂದರು. ಆದರೆ ಅಂಗಡಿಯಿಂದ ತರುವುದನ್ನು ಬಿಡಲಿಲ್ಲ; ಬಿಟ್ಟರೆ ಯಾಕೆ ಎಂದು ಕೇಳುತ್ತಾರಲ್ಲ.

ಅಷ್ಟರಲ್ಲಿ ಬಿ.ಪಿ. ಏರಿತು. ಪಾಪ, ಡಾಕ್ಟರು ಮಾತ್ರೆ ಸಾಲದೆಂದುಕೊಂಡು ಇನ್ನೂ ಜೋರಿನದನ್ನು ಬರೆದರು. ಅದೂ ಡ್ರಾಯರಿಗೆ ಹೋಯಿತು. ಮೊನ್ನೆ ಮಂಗಳವಾರ ಬಟ್ಟೆ ಕತ್ತರಿಸುತ್ತಿದ್ದಂತೆ ಬಲಗೈ ನನ್ನದಲ್ಲವೆಂಬಂತೆ ಸೋತು, ಕತ್ತರಿ ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ನೀನು ಹೆದರಬೇಡ, ನಿನ್ನ ಪಾಲಿನದನ್ನೂ ನಾನೇ ಹೆದರಿಬಿಟ್ಟೆ. ಡ್ರಾಯರನ್ನೇ ಎಳೆದು ಎತ್ತಿಕೊಂಡು ಅಂಗಡಿಗೆ ಹೋದೆ.

ಅವಳು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂರಿಸಿ, "ಒಗ್ಗಲಿಲ್ಲ ಅಂತ ಮೊದಲನೇ ತಿಂಗಳೇ ಹೇಳಬಾರದಿತ್ತಾ ಅಕ್ಕಾ? ಬೇರೆ ಥರದ್ದು ಇರ್ತಿತ್ತಲ್ಲ" ಎಂದಳು.

"ಕನಸು ಬೀಳ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?" ಎಂದೆ.

"ಇದೇ ಬಾಯಲ್ಲಿ" ಎಂದು ಡಾಕ್ಟರಿಗೆ ಫೋನು ಮಾಡಿ, ತಾನೇ ಕರೆದುಕೊಂಡು ಹೋದಳು. ಅವರು ಪರೀಕ್ಷೆ ಮಾಡಿ ಮಾತ್ರೆ ಬದಲಿಸಿದರು. ಸದ್ಯಕ್ಕೆ ಒಂದು ವಾರಕ್ಕಾಗುವಷ್ಟೇ, ಒಗ್ಗಿದರೆ ಮುಂದಿನದು.

ಈಗ ಯಾರ ಮನೆಗೆ ಹೋದರೂ ಮೊದಲು ನನ್ನ ಡ್ರಾಯರಿನ ಕತೆ ಹೇಳುತ್ತೇನೆ. ಆಮೇಲೆ ಅವರೇ ಎದ್ದು ಹೋಗಿ ಕಪಾಟು ತೆಗೆಯುತ್ತಾರೆ.

ನಿನಗೆ ಸುಳ್ಳು ಬರೆದ, ಇನ್ನು ಬರೆಯದ,
ಅಕ್ಕ

ಇನ್ನೊಂದು ಮಾತು: ಹೊಸ ಮಾತ್ರೆ ಶುರುವಾಗಿ ಐದು ದಿನ. ನಿನ್ನ ಭಾವ ಬಂದಿಲ್ಲ. ಇವತ್ತು ಬೆಳಗಿನ ಜಾವ ಕನಸಿನಲ್ಲಿ ಯಾರೋ ಬಂದಂತಾಯಿತು. ನೋಡಿದರೆ ನೀನು! ಮುಂದಿನ ಹಲ್ಲು ಬಿದ್ದ ಪುಟಾಣಿ, ಹೆಗಲ ಹತ್ತಿರ ಹರಿದ ಅಂಗಿ ತೋರಿಸುತ್ತ, "ಏಳೇ, ಹೊಲಿದುಕೊಡೇ" ಎಂದು ಹಟ ಹಿಡಿದು ನಿಂತಿದ್ದೆ. ಇಷ್ಟು ತಿಂಗಳು ಅವರು ಬರಲೆಂದು ಮಲಗುತ್ತಿದ್ದವಳು, ಇವತ್ತು ನಿನಗೋಸ್ಕರ ಎದ್ದು ಕೂತೆ.