ಒಂದು ಬೆರಳು ಕಡಿಮೆ

ಮೀನುಗಾರರ ಸಂಘದ ಮಂಜುಗಡ್ಡೆ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ

ಪ್ರೀತಿಯ ಅಣ್ಣಾ,

ನಿನ್ನ ಹಲ್ಲುನೋವು ಹೇಗಿದೆ? ಕೀಳಿಸಿಕೊಂಡೆಯೋ, ಇಲ್ಲ ಎಂದಿನಂತೆ ಲವಂಗ ಒತ್ತಿಕೊಂಡು "ನಾಳೆ ನೋಡೋಣ" ಎನ್ನುತ್ತಿದ್ದೀಯೋ? ಅಮ್ಮನ ಮೊಣಕಾಲು ಹಾಗೇ ಇದೆ. ನಿನ್ನ ಸುದ್ದಿ ಬಂದ ದಿನ ಮಾತ್ರ ಯಾರೂ ಹಿಡಿಯದೆ ಮೆಟ್ಟಿಲು ಹತ್ತುತ್ತಾಳೆ. ದಲ್ಲಾಳಿಯ ಗೋದಾಮಿನಲ್ಲಿ ನಿನಗೆ ಕುರ್ಚಿ, ಫ್ಯಾನು ಎರಡೂ ಕೊಟ್ಟಿದ್ದಾರಂತೆ. ಸಂತೋಷ. ಇಲ್ಲಿ ನೀನು ಬಿಟ್ಟೆದ್ದ ಸ್ಟೂಲಿನ ಮೇಲೆ ಆರು ತಿಂಗಳಿಂದ ನಾನು ಕೂತು ಮೀನು ಅಳೆಯುತ್ತಿದ್ದೇನೆ. ಅದರ ಒಂದು ಕಾಲು ಕುಂಟು ಎಂದಾದರೂ ಹೇಳಿ ಹೋಗಬಾರದಿತ್ತೇ?

ನಮ್ಮ ಸಂಘ ನಿಂತದ್ದೇ ಅಪ್ಪ ತಮ್ಮ ಹಳೆಯ ದೋಣಿಯಿಂದ ಕೊಯ್ದುಕೊಟ್ಟ ಆ ಅಳತೆಹಲಗೆಯ ಮೇಲೆ. ಅದಕ್ಕಿಂತ ಗಿಡ್ಡ ಮೀನು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ. ಅಂಥದ್ದು ಕಂಡರೆ ಬುಟ್ಟಿ ಪೂರ್ತಿ ವಾಪಸ್. ಮುಂದಿನ ಸಲ ಆ ದೋಣಿಯವರೇ ದೊಡ್ಡ ಕಣ್ಣಿನ ಬಲೆ ಹಾಕುತ್ತಾರೆ. ಈ ಒಂದು ಮಾತನ್ನು ನಂಬಿ ನಗರದ ದೊಡ್ಡ ಅಂಗಡಿಯವರು ದಲ್ಲಾಳಿಯನ್ನು ದಾಟಿ ನೇರ ನಮ್ಮ ಬಾಗಿಲಿಗೇ ಲಾರಿ ಕಳಿಸುತ್ತಿದ್ದರು. ಮೊದಲು ಆ ಹಲಗೆಯ ಮುಂದೆ ದಿನಾ ಜಗಳ. "ನಿಮ್ಮಣ್ಣ ಅಳತೆ ಮೇಜಿಗೆ ಬಂದ್ಮೇಲೆ ಒಬ್ರೂ ದನಿ ಎತ್ತಿದ್ದಿಲ್ಲ ನೋಡು" ಎಂದು ಜನ ಈಗಲೂ ನಿನ್ನನ್ನು ಹೊಗಳುತ್ತಾರೆ. ನೀನು ಎಲ್ಲರಿಗೂ ಬೇಕಾದವನು, ಅಣ್ಣ.

ಹೋದ ತಿಂಗಳು ಅಂಗಡಿಯವರ ಹೊಸ ಗುಮಾಸ್ತ ಉಕ್ಕಿನ ಸ್ಕೇಲು ಹಿಡಿದು ಬಂದ. ನಾನು ಹಲಗೆಗೆ ಇಟ್ಟು ಸರಿ ಎಂದಿದ್ದ ಮೀನುಗಳಲ್ಲಿ ಅರ್ಧಕ್ಕರ್ಧ ಹೇಳಿದ ಅಳತೆಗಿಂತ ಒಂದು ಬೆರಳು ಗಿಡ್ಡ. ಲಾರಿ ಖಾಲಿ ತಿರುಗಿತು. ಸಭೆಯಲ್ಲಿ ಎಲ್ಲರೂ ನನ್ನನ್ನೇ ಕೇಳಿದರು. ಆಗ ಅಧ್ಯಕ್ಷರ ಕುರ್ಚಿಯಿಂದ ಅಪ್ಪ ಎದ್ದರು. "ಹಲಗೆ ಒಣಗಿ ಕುಗ್ಗಿದೆ. ನೋಡ್ಕೋಬೇಕಾಗಿದ್ದವನು ನಾನು. ಬೇರೆ ಯಾರನ್ನೂ ಕೇಳ್ಬೇಡಿ" ಎಂದರು. ನೀನು ಅಣಕಿಸುತ್ತಿದ್ದೆಯಲ್ಲ, ಮೈಕು ಬೇಡದ ಅತ್ತೆ, ಅವಳು ಹಿಂದಿನಿಂದ ಕೇಳಿದಳು: "ಅಧ್ಯಕ್ಷರ ಥರಾನೇ ಹಲಗೆಗೂ ವಯಸ್ಸಾಯ್ತಾ?" ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಅಪ್ಪನ ಹಿಂದೆ ನಡೆದವರೇ ನಕ್ಕರು. ಅಪ್ಪ ಸಂಘದ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟುಬಂದರು. ಹಲಗೆಯನ್ನು ಅಮ್ಮನ ಕೈಗೆ ಕೊಟ್ಟು "ಒಲೆಗೆ ಹಾಕು" ಎಂದವರು ಆಮೇಲೆ ದಡದ ಕಡೆ ತಲೆ ಹಾಕಿಲ್ಲ. ಜಗಲಿಯಲ್ಲಿ ಕೂತು, ಹರಿಯದ ಬಲೆಯನ್ನು ಬಿಚ್ಚಿ ಬಿಚ್ಚಿ ಹೆಣೆಯುತ್ತಾರೆ.

ಈಗ ನಿನ್ನ ದಲ್ಲಾಳಿ ಮತ್ತೆ ದಡದಲ್ಲಿ. ಬಿಸಿಲೇರುವವರೆಗೆ ಕಾಯಿಸುತ್ತಾನೆ, ಮೀನು ಮೆತ್ತಗಾದ ಮೇಲೆ ಬಾಯಿಗೆ ಬಂದ ಬೆಲೆ ಹೇಳುತ್ತಾನೆ. ಅವನಿಗೆ ಬೆರಳುದ್ದದ ಮರಿಯೂ ಆದೀತು, ಸಣ್ಣ ಕಣ್ಣಿನ ಬಲೆಗಳೆಲ್ಲ ಅಟ್ಟದಿಂದ ಇಳಿದಿವೆ. ಶನಿವಾರ ಬೆಳಿಗ್ಗೆ ಸಭೆ. ಮಂಜುಗಡ್ಡೆ ಕೋಣೆಯನ್ನು ಅವನಿಗೇ ವಹಿಸಿ ಸಂಘ ಮುಚ್ಚುವ ಮಾತು. ಹಲಗೆ ಹೇಗೆ ಗಿಡ್ಡವಾಯಿತೆಂದು ನಂಬುವ ಹಾಗೆ ಹೇಳಿದರೆ ಮತ್ತೆ ಲಾರಿ ಕಳಿಸುತ್ತೇವೆ ಎಂದು ಅಂಗಡಿಯವರು ಹೇಳಿಕಳಿಸಿದ್ದಾರೆ. ಅಪ್ಪ ಹೇಳಿದ್ದನ್ನು ಅವರು ನಂಬಲಿಲ್ಲ.

ಹೊತ್ತುಹೊತ್ತಿಗೆ ಊಟ ಮಾಡು. ಅಮ್ಮ ನಿನ್ನ ಹೆಸರು ಹೇಳಿ ದೀಪಕ್ಕೆ ಕೈ ಮುಗಿದಿದ್ದಾಳೆ, ಅದರ ಪುಣ್ಯವೂ ನಿನಗಿರಲಿ.

ನಿನ್ನ ತಂಗಿ

ತಾ.ಕ.: ನಿನ್ನ ದಲ್ಲಾಳಿಯ ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಮ್ಮ ಹಲಗೆಯನ್ನು ಒಲೆಗೆ ಹಾಕುವ ಮೊದಲೇ ನಾನು ಎತ್ತಿಟ್ಟಿದ್ದೆ. ನಿನ್ನೆ ದೋಣಿ ಕಟ್ಟುವ ಬಡಗಿಗೆ ತೋರಿಸಿದೆ. ಅವನು ತುದಿಯನ್ನು ಉಗುರಿನಿಂದ ಕೆರೆದ. ಬಳಿದ ಎಣ್ಣೆಮಸಿಯ ಕೆಳಗೆ ಗರಗಸದ ಹೊಸ ಗೆರೆ. "ಮರ ಅಗಲಕ್ಕೆ ಕುಗ್ಗತ್ತಮ್ಮಾ, ಉದ್ದಕ್ಕೆ ಕುಗ್ಗಲ್ಲ. ಹುಟ್ಟಿದಾಗಿಂದ ದೋಣಿ ಮೇಲಿದ್ದ ನಿಮ್ಮಪ್ಪಂಗೆ ಇದು ಗೊತ್ತಿಲ್ವಾ?" ಎಂದ. ಗೊತ್ತಿತ್ತು, ಅಣ್ಣ. ಗರಗಸ ಹಿಡಿದ ಕೈ ಯಾವುದೆಂಬುದೂ ಗೊತ್ತಿತ್ತು. ಹಲಗೆಯನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಶನಿವಾರ ನೀನೇ ತೆಗೆದುಕೊಂಡು ಬಾ. ಬರುವುದಿಲ್ಲವಾದರೆ ಒಲೆಗೆ ಹಾಕು. ಅಪ್ಪ ಹೇಳಿದ್ದೂ ಅದನ್ನೇ.