ಬೀದಿ ನಲ್ಲಿ ಕಿತ್ತ ಮೇಲೆ

ಮಾರ್ಚ್ 4, ಬೆಳಿಗ್ಗೆ 7
ಬೀದಿಗೆ ನೀರು ಬಿಡುವ ವಾಲ್ವ್ ತಿರುಗಿಸಿ ಬಂದೆ. ನಲ್ಲಿಯ ಮುಂದೆ ಆಗಲೇ ಗುಡುಗಮ್ಮನ ಗಂಟಲು. ಬಟ್ಟೆ ಹೊಲಿಯುವ ಹೆಂಗಸು, ಒಂಟಿ ಜೀವ, ಹೆಸರಿಟ್ಟದ್ದು ಬೀದಿಯವರೇ. ನನಗೂ ಬೈಗುಳ ಬಿತ್ತು — “ಏನಪ್ಪಾ ನೀರಣ್ಣ, ಸೂರ್ಯ ಹುಟ್ಟಿ ಹಲ್ಲುಜ್ಜಿ ಆಯ್ತು. ನಿನ್ನ ನೀರು ಇನ್ನೂ ಹಾಸಿಗೇಲಿ ಹೊರಳ್ತಿದೆ.” ದಿನಾ ಯಾರ ಜೊತೆಗಾದರೂ ಜಗಳ. ಅವಳ ಕೊಡ ಕಾಣದ ದಿನ ಬೈಸಿಕೊಂಡವರೇ ಹೋಗಿ ಬಾಗಿಲು ತಟ್ಟುತ್ತಾರೆ.

ಮಾರ್ಚ್ 19
ಮನೆಮನೆಗೂ ನಲ್ಲಿ ಕೊಟ್ಟು ಮುಗಿಯಿತು. ಆರ್ಡರ್ ಬಂತು — ಬೀದಿ ನಲ್ಲಿ ತೆಗೆಯಬೇಕು. ನಾನೇ ಕಿತ್ತೆ. ಪೈಪಿನ ಬಾಯಿಗೆ ಮುಚ್ಚಳ ಹಾಕಿದೆ. “ಸದ್ಯ, ಆ ಬಾಯಿಂದಲೂ ಬಿಡುಗಡೆ” ಎಂದರು ಗುಡುಗಮ್ಮನ ಪಕ್ಕದ ಮನೆಯ ಮೇಷ್ಟ್ರು. ನಕ್ಕೆವು. ಅವಳು ಖಾಲಿ ಕೊಡ ಹಿಡಿದು ಒಳಗೆ ಹೋದಳು.

ಏಪ್ರಿಲ್ 27
ಮೀಟರ್ ನೋಡಲು ಹೋಗಿದ್ದೆ. ಗುಡುಗಮ್ಮನ ಮೀಟರ್ ನಿಲ್ಲದೆ ತಿರುಗುತ್ತಿತ್ತು. ಕರೆದೆ — ಸದ್ದಿಲ್ಲ. ಒಳಗಿನಿಂದ ಚಿಲಕ. ಮೇಷ್ಟ್ರೂ ನಾನೂ ಬಾಗಿಲು ಒಡೆದೆವು. ಬಚ್ಚಲಲ್ಲಿ ಬಿದ್ದಿದ್ದಳು. ಸೊಂಟ ಮುರಿದಿದೆ. ಪೂರಾ ಎರಡು ದಿನ... ಕೈಗೆಟುಕಿದ ನಲ್ಲಿಯ ನೀರು ಕುಡಿದು ಜೀವ ಹಿಡಿದಿದ್ದಾಳೆ.
ಆಸ್ಪತ್ರೆಯ ಬೆಂಚಿನಲ್ಲಿ ಮೇಷ್ಟ್ರು ತಲೆ ಎತ್ತಲಿಲ್ಲ. “ಕೂಗಿದ್ದು ಕೇಳಿಸ್ತು ಕಣಯ್ಯ. ಯಾರ ಜೊತೇನೋ ಜಗಳ ಅಂದ್ಕೊಂಡೆ. ಕಿಟಕಿ ಹಾಕ್ಕೊಂಡೆ.”

ಏಪ್ರಿಲ್ 29
ಇವತ್ತು ಮಾತಾಡಿದಳು. ದನಿಯೇ ಇಲ್ಲ.
“ಎಷ್ಟು ಕೂಗಿದೆ ಗೊತ್ತಾ ನೀರಣ್ಣ. ಮೊದಲಾಗಿದ್ರೆ, ತಿರುಗಿ ಬೈಯೋಕಾದ್ರೂ ಯಾರಾದ್ರೂ ಬರ್ತಿದ್ರು.”
ನಲ್ಲಿ ಕಿತ್ತ ಕೈ ಇದೇ. ಅದನ್ನೇ ಹಿಡಿದುಕೊಂಡು ನಿದ್ದೆ ಹೋದಳು.

ಮೇ 6
ಹೋದಳು. ಎದೆಯಲ್ಲಿ ಸೋಂಕು ಎಂದರು ಡಾಕ್ಟರು.

ಮೇ 12
ಬೀದಿ ನಲ್ಲಿ ಮತ್ತೆ ಹಾಕೋಣ ಎಂದು ಇಂಜಿನಿಯರ್ ಹತ್ತಿರ ಹೋಗಿ ಕೇಳಿದೆ. “ಮನೇಲೇ ನೀರಿದೆಯಲ್ಲಯ್ಯ. ಬೀದೀಲಿ ಯಾಕೆ?” ಎದ್ದು ಬಂದೆ.

ಮೇ 17, ಭಾನುವಾರ
ಕಿತ್ತ ನಲ್ಲಿ ಮತ್ತೆ ಕೂರಿಸಲು ಅಪ್ಪಣೆ ಇಲ್ಲದೆ ಅಗೆದೆ. ಮೇಷ್ಟ್ರು ಬಂದು ಗುದ್ದಲಿ ಇಸಿದುಕೊಂಡರು. ಅವರ ಅಂಗೈಯೆಲ್ಲ ಬೊಬ್ಬೆ ಎದ್ದರೂ ಬಿಡಲಿಲ್ಲ. ಹನ್ನೊಂದಕ್ಕೆ ನೀರು ಬಂತು. ಒಬ್ಬೊಬ್ಬರೇ ಕೊಡ ಹಿಡಿದು ಬಂದರು — ಮನೆಯಲ್ಲಿ ನೀರಿದ್ದವರೇ. ಸಾಲು ನಿಂತರು. ಒಬ್ಬ ಅಜ್ಜಿ ಸಾಲಿನ ಮೇಲೆ ಕಣ್ಣಾಡಿಸಿ, “ಇಸ್ತ್ರಿಯವನು ಕಾಣ್ತಿಲ್ಲವಲ್ಲ?” ಎಂದಳು. ಇಬ್ಬರು ಕೊಡ ಅಲ್ಲೇ ಇಟ್ಟು ಅವನ ಬಾಗಿಲಿಗೆ ಹೋದರು.

ಮೇ 19, ಸಂಜೆ
ಆಫೀಸಿನಿಂದ ನೋಟಿಸ್ ಬಂತು. ಮೂರು ದಿನದಲ್ಲಿ ಲಿಖಿತ ವಿವರಣೆ. ಹೆಂಡತಿ “ತಪ್ಪಾಯ್ತು ಅಂತ ಬರೆದುಬಿಡಿ, ಕೆಲಸ ಉಳೀಲಿ” ಅನ್ನುತ್ತಾಳೆ. ಅವಳ ಮಾತೂ ಸುಳ್ಳಲ್ಲ. ನಾಲ್ಕು ಸಲ ಬರೆದು ಹರಿದೆ. ಈಗ ಇಷ್ಟಿದೆ —
‘ಮಾನ್ಯರೇ, ಮನೆಯ ನಲ್ಲಿಗಳಲ್ಲಿ ನೀರು ಸರಿಯಾಗಿ ಬರುತ್ತಿದೆ. ಆ ಬಗ್ಗೆ ದೂರಿಲ್ಲ. ಆದರೆ ಬೀದಿಯಲ್ಲಿ ನಲ್ಲಿ ಇದ್ದಾಗ, ಯಾರು ಬಂದಿಲ್ಲ ಎಂಬುದು ನಮಗೆ...’